ಜಗಳ ಇಟ್ಟುಕೊಂಡು ಓಟು ಹಾಕಬಾರದು

೧

ಎಲ್ಲಿಂದ ಶುರು ಮಾಡೋದು ಅನ್ನುವುದೇ ತಕರಾರು. "ಮತದಾನದ ದಿನ ಬೆಳಗ್ಗೆ ಅತ್ತೆ ಬೇಗ ಎದ್ದು ಬಟ್ಟೆಗೆ ಇಸ್ತ್ರಿ ಹಾಕಿದರು" ಅಂತ ಒಂದು ಸಲ ಬರೆದೆ. ಚೆನ್ನಾಗಿಯೇ ಇತ್ತು. ಆದರೆ ಅತ್ತೆ ಇಸ್ತ್ರಿ ಹಾಕುವುದು ಶನಿವಾರ ಮಾತ್ರ, ಮತದಾನ ಇದ್ದದ್ದು ಗುರುವಾರ. ಹೊಡೆದು ಹಾಕಿದೆ.

ಇನ್ನೊಂದು ಸಲ "ನಂಬಿಕೆ ಮತ್ತು ರಾಜಕೀಯದ ಸಂಬಂಧ ಬಹಳ ಸಂಕೀರ್ಣವಾದದ್ದು" ಅಂತ ಬರೆದು, ಆಕಳಿಸಿ, ಎದ್ದು ಹೋಗಿ ಟೀ ಮಾಡಿಕೊಂಡೆ. ಬರೆದವಳಿಗೇ ನಿದ್ದೆ ಬರಿಸುವ ವಾಕ್ಯ ನಿಮಗ್ಯಾಕೆ?

ಮೂರನೇ ಸಲ ನೇರವಾಗಿ ನನ್ನ ತಪ್ಪಿನಿಂದಲೇ ಶುರು ಮಾಡೋಣ ಅಂತ ಕೂತೆ. ಕೈ ಓಡಲಿಲ್ಲ. ಆದ್ದರಿಂದ ಅದನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು, ಒಳ್ಳೆಯ ಜನರ ಪರಿಚಯದಿಂದ ಶುರು ಮಾಡುತ್ತೇನೆ.

೨

ಇರುವುದು ಇಬ್ಬರೇ. ನನ್ನನ್ನೂ ಸೇರಿಸಿದರೆ ಮೂವರು.

ಅತ್ತೆ ಅಂದರೆ ನನ್ನ ಅಪ್ಪನ ಅಕ್ಕ. ಮೂವತ್ತೆರಡು ವರ್ಷ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸ ಮಾಡಿ ನಿವೃತ್ತರಾದವರು. ಈಗಲೂ ಕೈಯಲ್ಲಿ ಕೆಂಪು ಪೆನ್ನಿಲ್ಲದೆ ಯಾವ ಕಾಗದವನ್ನೂ ಓದಲಾರರು. ಔಷಧಿ ಅಂಗಡಿಯ ಚೀಟಿಯನ್ನೂ ತಿದ್ದಿ ವಾಪಸ್ ಕೊಟ್ಟವರು. ಈ ಕಥೆಯ ಕರಡನ್ನೂ ಅವರು ಓದಿದ್ದಾರೆ. ಅವರು ಅಂಚಿನಲ್ಲಿ ಬರೆದದ್ದನ್ನು ನಾನು ಅಳಿಸಿಲ್ಲ, ದಾರಿಯಲ್ಲಿ ಅಲ್ಲಲ್ಲಿ ಸಿಗುತ್ತದೆ.

ಅಪ್ಪ ಬೀಗ ರಿಪೇರಿ ಮಾಡುವವರು. (ಗೊತ್ತು, ಗೊತ್ತು. ಬಾಗಿಲು ಮುಚ್ಚಬೇಕು ಅನ್ನುವ ಮನುಷ್ಯನಿಗೆ ಬೀಗದ ಅಂಗಡಿ ಇಟ್ಟುಕೊಡುವ ಕಥೆಗಾರ್ತಿಯನ್ನು ನಾನೂ ನಂಬುತ್ತಿರಲಿಲ್ಲ. ಒಂದು ಕರಡಿನಲ್ಲಿ ಅವರನ್ನು ಬಸ್ ಡ್ರೈವರ್ ಮಾಡಿ ನೋಡಿದೆ. ಎರಡು ಪುಟದಲ್ಲಿ ಬಸ್ಸು ಕೆಟ್ಟು ನಿಂತಿತು. ನಾನೇನು ಮಾಡಲಿ, ಅಪ್ಪ ನಿಜವಾಗಿಯೂ ಬೀಗದವರೇ.)

(ಕೆಂಪು ಪೆನ್ನು: ಅವನಿಗೆ ಸೈಕಲ್ಲೇ ನೆಟ್ಟಗೆ ಬರಲ್ಲ.)

ಮೂರನೆಯವಳು ನಾನು. ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದು ಬರೆಯುತ್ತೇನೆ. ಭಾನುವಾರ ಬೆಳಗ್ಗೆ ಅವರಿಬ್ಬರೂ ಚರ್ಚಿನಲ್ಲಿ ಮೂರನೇ ಬೆಂಚಿನ ಮೇಲೆ ಕೂತಿರುವಾಗ ನಾನು ಹೊದ್ದು ಮಲಗಿರುತ್ತೇನೆ. ಅದಕ್ಕೆ ಅವರು ನನ್ನನ್ನು ಒಂದು ದಿನವೂ ಬೈದಿಲ್ಲ. ಬೈದಿದ್ದರೆ ನನಗೂ ವಾದ ಮಾಡಲು ಏನಾದರೂ ಸಿಗುತ್ತಿತ್ತು.

೩

ಈಗ ನಿಯಮ. ಇದು ಗೊತ್ತಿಲ್ಲದಿದ್ದರೆ ಮುಂದಿನದು ಹುಚ್ಚಾಟದ ಹಾಗೆ ಕಾಣುತ್ತದೆ. (ಗೊತ್ತಿದ್ದರೂ ಕಾಣಬಹುದು.)

ಪ್ರಭು ಭೋಜನಕ್ಕೆ, ಅಂದರೆ ಆರಾಧನೆಯಲ್ಲಿ ಹಂಚುವ ರೊಟ್ಟಿಗೂ ದ್ರಾಕ್ಷಾರಸಕ್ಕೂ, ಕೈ ಚಾಚುವ ಮುಂಚೆ, ಯಾರ ಜೊತೆಯಾದರೂ ಮನಸ್ತಾಪ ಇದ್ದರೆ ಮೊದಲು ಹೋಗಿ ರಾಜಿಯಾಗಿ ಬರಬೇಕು. ಇದು ಅವರ ಚರ್ಚಿನಲ್ಲಿ ಮಕ್ಕಳಿಗೂ ಗೊತ್ತಿರುವ ಮಾತು. ನನ್ನ ತಾತ, ಅಂದರೆ ಇವರಿಬ್ಬರ ಅಪ್ಪ, ಅದಕ್ಕೆ ತಮ್ಮದೊಂದು ಬಾಲ ಸೇರಿಸಿದರು: ಓಟಿಗೂ ಅದೇ ನಿಯಮ. ಜಗಳ ಇಟ್ಟುಕೊಂಡು ಓಟು ಹಾಕಬಾರದು. ಯಾಕೆ ಅಂತ ಕೇಳಿದರೆ ತಾತ ಹೇಳುತ್ತಿದ್ದದ್ದು ಇಷ್ಟು: "ಓಟು ಅಂದ್ರೆ ನೆರೆಯವನ ಬದುಕಿನ ಮೇಲೆ ನೀನು ಕೈ ಇಡೋದು. ಕೋಪದ ಕೈ ಇಡಬೇಡ."

ರಾಜಿ ಆಗಬೇಕಾದದ್ದು ಎದುರೆದುರು. ಕಾಗದದಲ್ಲಿ ನಡೆಯುವುದಿಲ್ಲ, ಫೋನಿನಲ್ಲಿ ನಡೆಯುವುದಿಲ್ಲ. ತಾತ ಅಂಚೆಯವರು. ಮೂವತ್ತು ವರ್ಷ ಊರಿನವರ ಕಾಗದ ಹಂಚಿದವರು. ಕ್ಷಮೆ ಕೇಳಿ ಬರೆದ ಲಕೋಟೆಯನ್ನು ಜನ ಒಡೆಯದೆಯೇ ಒಲೆಗೆ ಹಾಕಿದ್ದನ್ನು ಕಣ್ಣಾರೆ ಕಂಡಿದ್ದರಂತೆ. ಹಾಗಾಗಿ, ಬೇರೆ ಏನು ಬೇಕಾದರೂ ಅಂಚೆಯಲ್ಲಿ ಹೋಗುತ್ತದೆ, ಕ್ಷಮೆ ಮಾತ್ರ ಹೋಗಲ್ಲ ಅನ್ನುತ್ತಿದ್ದರು.

ತಾತ ಹೋಗಿ ಇಪ್ಪತ್ತು ವರ್ಷವಾಯಿತು, ನಿಯಮ ಹೋಗಿಲ್ಲ. ಒಂದು ಚುನಾವಣೆಯ ಬೆಳಗ್ಗೆ ಅತ್ತೆ ಹಾಲಿನವಳ ಮನೆ ಹುಡುಕಿಕೊಂಡು ಹೋಗಿ ತಪ್ಪಾಯಿತು ಅಂದು ಬಂದಿದ್ದರು. ಇನ್ನೊಂದು ಸಲ ಅಪ್ಪ ಅಂಗಡಿ ಮುಚ್ಚಿ, ತಿಜೋರಿ ವಿಷಯಕ್ಕೆ ಜಗಳವಾಡಿದ್ದ ಗಿರಾಕಿಯನ್ನು ನೋಡಲು ಎರಡು ಬಸ್ಸು ಬದಲಿಸಿ ಹೋಗಿದ್ದರು. ಇಬ್ಬರೂ ಮತಗಟ್ಟೆಗೆ ಹೊರಡುವ ಮುಂಚೆ ಮೊಣಕಾಲೂರಿ ಪ್ರಾರ್ಥನೆ ಮಾಡುತ್ತಾರೆ. ಒಂದೇ ದೇವರು, ಒಂದೇ ಸುವಾರ್ತೆ. ಒತ್ತುವ ಗುಂಡಿ ಮಾತ್ರ ಪ್ರತಿ ಸಲವೂ ಬೇರೆ ಬೇರೆ.

೪

ಜಗಳ.

ಹೋದ ವರ್ಷ ಕಾಲುವೆ ಪಕ್ಕದ ಎಂಟು ಗುಡಿಸಲು ಸುಟ್ಟುಹೋದವು. ಕೆಲಸ ಹುಡುಕಿಕೊಂಡು ಎಲ್ಲಿಂದಲೋ ಬಂದ ಜನ, ಅವರ ಭಾಷೆ ಬೇರೆ, ದೇವರೂ ಬೇರೆ. ಚರ್ಚಿನ ಹಿಂದೆ ಒಂದು ಹಾಲ್ ಇದೆ, ಮುರಿದ ಕುರ್ಚಿ ಇಡಲು ಬಳಸುತ್ತಾರೆ. ಅದನ್ನು ಈ ಎಂಟು ಮನೆಯವರಿಗೆ ಬಿಟ್ಟುಕೊಡಬೇಕೋ ಬೇಡವೋ ಅಂತ ಹಿರಿಯರ ಸಭೆ ಸೇರಿತು. ಅತ್ತೆಯೂ ಅಪ್ಪನೂ ಸೇರಿ ಹನ್ನೊಂದು ಜನ. ಬಿಟ್ಟುಕೊಡೋಣ ಅಂತ ಐದು ಕೈ ಎದ್ದವು, ಬೇಡ ಅಂತ ಐದು. ಕೊನೆಗೆ ಉಳಿದದ್ದು ಅಪ್ಪನ ಕೈ.

ಅಪ್ಪ ಬೇಡ ಅಂದರು. ಅಷ್ಟೇ ಅಲ್ಲ, ಹಾಲಿನ ಹಳೇ ಬೀಗ ಸಡಿಲವಾಗಿದೆ, ನಾಳೆ ನಾನೇ ಹೊಸದು ಹಾಕಿಕೊಡುತ್ತೇನೆ ಅಂದರು.

ಅತ್ತೆ ಎದ್ದು ನಿಂತು, ಪಾದ್ರಿಗಳ ಎದುರಿಗೇ, ಎಲ್ಲರೂ ಕೇಳುವ ಹಾಗೆ ಹೇಳಿದರು: "ಛತ್ರದಲ್ಲಿ ಜಾಗ ಇಲ್ಲ ಅಂದವನು ನಮ್ಮ ಮನೇಲೇ ಹುಟ್ಟಿದ್ದಾನೆ ಅಂತ ನನಗೆ ಗೊತ್ತಿರಲಿಲ್ಲ."

ಯೇಸುವನ್ನು ಹೊತ್ತ ತಾಯಿಗೆ ಹೆರಿಗೆಯ ರಾತ್ರಿ ಛತ್ರದಲ್ಲಿ ಜಾಗ ಕೊಡದವನ ಸಾಲಿಗೆ ಒಬ್ಬ ನಂಬಿಕಸ್ಥನನ್ನು ಸೇರಿಸುವುದು ಎಂಥ ಮಾತು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಪ್ಪ ಬಾಯಿಗೆ ಬೀಗ ಹಾಕಿಕೊಂಡರು. (ಕ್ಷಮಿಸಿ, ಅದು ತಾನಾಗಿಯೇ ಬಂತು.) ಹನ್ನೊಂದು ತಿಂಗಳು ಅಕ್ಕ ತಮ್ಮನ ನಡುವೆ ಒಂದು ಮಾತಿಲ್ಲ. ಮೂರನೇ ಬೆಂಚನ್ನು ಇಬ್ಬರೂ ಬಿಡಲಿಲ್ಲ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತರು. ತಟ್ಟೆ ಬಂದಾಗ ಇಬ್ಬರೂ ಪ್ರಭು ಭೋಜನ ತೆಗೆದುಕೊಳ್ಳದೆ ಪಕ್ಕಕ್ಕೆ ದಾಟಿಸುತ್ತಿದ್ದರಂತೆ. ಅತ್ತೆಯ ಕತ್ತರಿ ಮೊಂಡಾದರೆ ಅದು ನನ್ನ ಚೀಲದಲ್ಲಿ ಅಪ್ಪನ ಅಂಗಡಿಗೆ ಹೋಗಿ, ಸಾಣೆ ಹಿಡಿಸಿಕೊಂಡು, ನನ್ನ ಚೀಲದಲ್ಲೇ ವಾಪಸ್ ಬರುತ್ತಿತ್ತು. ತಾತನ ಕೆಲಸ ನನಗೆ ಬಂದಿತ್ತು.

(ಇಲ್ಲಿ ಅಪ್ಪನನ್ನು ಕಲ್ಲು ಮನಸ್ಸಿನವರನ್ನಾಗಿ ಮಾಡಿದರೆ ಕಥೆ ಸಲೀಸಾಗಿ ಸಾಗುತ್ತಿತ್ತು. ಅತ್ತೆ ಓದಿದ ಕರಡಿನಲ್ಲಿ ಮಾಡಿಯೂ ಇದ್ದೆ. ಅತ್ತೆ ಆ ಪುಟವನ್ನು ಮೇಲಿಂದ ಕೆಳಗೆ ಒಂದೇ ಗೀಟಿನಲ್ಲಿ ಹೊಡೆದು, "ನನ್ನ ತಮ್ಮ ಹೀಗಿಲ್ಲ" ಅಂತ ಬರೆದರು.)

ಅಪ್ಪ ನನ್ನ ಹತ್ತಿರ ಒಂದೇ ಸಲ ಈ ವಿಷಯ ಎತ್ತಿದ್ದು, ಒಂದು ಕೀಲಿಗೆ ಅರ ಹಾಕುತ್ತಾ, ತಲೆ ಎತ್ತದೆ. ಹಾಲಿಗೆ ಇರುವುದು ಒಂದೇ ಬಾಗಿಲು, ವೈರಿಂಗ್ ಪೂರ್ತಿ ಹಾಳಾಗಿದೆ, ಒಂದು ಸಲ ಬೆಂಕಿ ಕಂಡ ಮಕ್ಕಳನ್ನು ಅಲ್ಲಿ ಮಲಗಿಸಿ ನಾನು ಹೇಗೆ ನಿದ್ದೆ ಮಾಡಲಿ ಅಂದರು. ಆಮೇಲೆ, ತನ್ನವರನ್ನು ಮೊದಲು ಕಾಯಬೇಕು, ಅದೂ ದೇವರ ಮಾತೇ, ನಿಮ್ಮತ್ತೆ ಆ ಪುಟ ಬೇಗ ಬೇಗ ತಿರುಗಿಸ್ತಾಳೆ ಅಂದರು. ಕೊನೆಗೆ ಹೇಳಿದ್ದು ನನಗೆ ಮರೆಯುವುದಿಲ್ಲ: "ಕಳ್ಳ ನುಗ್ಗಿದ ಮನೆಗೆ ಮಾರನೇ ಬೆಳಗ್ಗೆ ಹೋಗೋನು ನಾನು. ಆ ಜನರ ಮುಖ ನೀನು ನೋಡಿಲ್ಲ, ನಿಮ್ಮತ್ತೆನೂ ನೋಡಿಲ್ಲ."

ಇದನ್ನು ನಾನು ಅತ್ತೆಗೆ ದಾಟಿಸಿದೆ. ಅವರು ಕೆಂಪು ಪೆನ್ನಿಗೆ ಮುಚ್ಚಳ ಹಾಕಿ, ಅವನು ಹೇಳೋದು ಸುಳ್ಳಲ್ಲ, ಆದರೆ ಮನೆ ಸುಟ್ಟ ಮಾರನೇ ಬೆಳಗ್ಗೆ ಆ ಎಂಟು ಮನೆಯವರ ಮುಖ ನಾನು ನೋಡಿದ್ದೀನಲ್ಲ, ಅದನ್ನೇನು ಮಾಡಲಿ ಅಂದರು.

ಅಷ್ಟರಲ್ಲಿ ವಾರ್ಡಿನ ಚುನಾವಣೆ ಬಂತು. ಎಂಟು ಮನೆಯವರು ಹಳೇ ಮಾರ್ಕೆಟ್ಟಿನ ತಗಡಿನ ಕೆಳಗೆ ಇದ್ದರು. ಒಬ್ಬ ಅಭ್ಯರ್ಥಿ ಅವರಿಗೆ ಇಲ್ಲೇ ಮನೆ ಕಟ್ಟಿಸಿಕೊಡುತ್ತೇನೆ ಅಂದ. ಇನ್ನೊಬ್ಬ ಮೂರು ತಿಂಗಳಲ್ಲಿ ಅವರನ್ನು ವಾರ್ಡಿನಿಂದ ಕಳಿಸುತ್ತೇನೆ ಅಂದ. ಅತ್ತೆ ಯಾರಿಗೆ, ಅಪ್ಪ ಯಾರಿಗೆ ಅಂತ ಹೇಳಬೇಕಾ?

೫

(ಇದನ್ನು ಆಮೇಲೆ ಬರೆಯುತ್ತೇನೆ. ಮುಂದೆ ನಡೆಯಿರಿ.)

೬

ಗುರುವಾರ. ನಾನು ಏಳೂವರೆಗೇ ಹೋಗಿ ಓಟು ಹಾಕಿ ಬಂದೆ. ಮನೆ ಮಾಲೀಕನ ಮೇಲೆ, ಇಬ್ಬರು ಸಂಪಾದಕರ ಮೇಲೆ, ಹಳೇ ಗೆಳೆಯನೊಬ್ಬನ ಮೇಲೆ ಕೋಪ ಇತ್ತು. ಎಲ್ಲವನ್ನೂ ಹಾಗೇ ಇಟ್ಟುಕೊಂಡೇ ಗುಂಡಿ ಒತ್ತಿದೆ.

ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಮನೆಯಿಂದ ಹೊರಟರು, ತಮ್ಮನನ್ನು ಕಂಡು, ಆ ಮಾತು ತಪ್ಪಾಯಿತು ಅನ್ನಲು. ಅಭಿಪ್ರಾಯ ತಪ್ಪಾಯಿತು ಅನ್ನಲು ಅಲ್ಲ, ಗಮನಿಸಿ. ಕ್ಷಮೆ ಕೇಳಿ, ನೇರ ಹೋಗಿ, ತಮ್ಮನ ಅಭ್ಯರ್ಥಿಯ ವಿರುದ್ಧ ಓಟು ಹಾಕುವುದು ಅವರ ಲೆಕ್ಕಾಚಾರ. ರಜಾ ದಿನ ಅಪ್ಪ ಶಟರ್ ಅರ್ಧ ಇಳಿಸಿ ಒಳಗೆ ಕೀಲಿ ಉಜ್ಜುತ್ತಾ ಕೂರುತ್ತಾರೆ ಅಂತ ಅವರಿಗೆ ಗೊತ್ತು.

ಅದೇ ಹೊತ್ತಿಗೆ ಅಪ್ಪ ಶಟರ್ ಪೂರ್ತಿ ಇಳಿಸಿ ಅಕ್ಕನ ಮನೆಗೆ ಹೊರಟಿದ್ದರು, ಹನ್ನೊಂದು ತಿಂಗಳು ಮಾತು ಬಿಟ್ಟದ್ದು ತಪ್ಪಾಯಿತು ಅನ್ನಲು. ಅತ್ತೆ ಶಾಲೆಯ ರಸ್ತೆಯಿಂದ ಬಂದರು, ಅಪ್ಪ ಮಾರ್ಕೆಟ್ಟಿನ ರಸ್ತೆಯಿಂದ ಹೋದರು. ಅರ್ಧ ಗಂಟೆಯ ದಾರಿ. ಅಕ್ಕ ತಮ್ಮನ ಅಂಗಡಿ ಬಾಗಿಲಲ್ಲಿ, ತಮ್ಮ ಅಕ್ಕನ ಮನೆ ಮೆಟ್ಟಿಲ ಮೇಲೆ. ಇಂಥ ತಪ್ಪು ಮಾಡಲು ಒಂದೇ ಅಪ್ಪನ ಮಕ್ಕಳಾಗಿರಬೇಕು.

ಇಬ್ಬರೂ ಕಾದರು. ಪಕ್ಕದ ಅಂಗಡಿಯವಳು ಅತ್ತೆಗೆ ಸ್ಟೂಲ್ ಕೊಟ್ಟಳು. ಅಪ್ಪ ಸುಮ್ಮನೆ ಕೂರಲಾರದೆ ಜೇಬಿನಲ್ಲಿದ್ದ ಸ್ಕ್ರೂ ಡ್ರೈವರ್ ತೆಗೆದು ಅತ್ತೆಯ ಬಾಗಿಲಿನ ಸಡಿಲ ಚಿಲಕ ಬಿಗಿ ಮಾಡಿದರು. ಆಮೇಲೆ ಗೇಟಿನ ಚಿಲಕ. ಆಮೇಲೆ ಕಾಗದದ ಪೆಟ್ಟಿಗೆಯ ಮುಚ್ಚಳ.

ಮೂರು ಗಂಟೆ. ನಾಲ್ಕು ಗಂಟೆ. ಐದು ಗಂಟೆ. ಆರಕ್ಕೆ ಮತದಾನ ಮುಗಿಯುತ್ತದೆ.

(ಕೆಂಪು ಪೆನ್ನು: ಸ್ಟೂಲ್ ಕೊಟ್ಟಿದ್ದು ನಾಲ್ಕರ ಮೇಲೆ. ಅಲ್ಲೀತನಕ ನಿಂತೇ ಇದ್ದೆ.)

೭

ಐದು ನಲವತ್ತಕ್ಕೆ ನಾನು ಇಬ್ಬರಿಗೂ ಫೋನ್ ಮಾಡಿ, ನೀವು ಅಲ್ಲಿದ್ದೀರಿ, ಅವರು ಇಲ್ಲಿದ್ದಾರೆ, ಹೊರಡಿ ಅಂದೆ. ಮತಗಟ್ಟೆ ಇದ್ದ ಶಾಲೆ ಸರಿಯಾಗಿ ಅಂಗಡಿಗೂ ಅತ್ತೆ ಮನೆಗೂ ನಡುವೆ. ನಾನೂ ಓಡಿದೆ.

ರಸ್ತೆಯ ಈ ಬದಿಗೆ ತಲುಪಿದಾಗ ಐದು ಐವತ್ತೈದು. ಅತ್ತೆ ಆ ಕಡೆಯಿಂದ ಬಂದರು, ಅಪ್ಪ ಈ ಕಡೆಯಿಂದ. ಶಾಲೆಯ ಗೇಟಿಗೆ ಮೂರಡಿ ದೂರದಲ್ಲಿ ಇಬ್ಬರೂ ನಿಂತರು. ಗೇಟಿನಲ್ಲಿದ್ದ ಪೊಲೀಸಿನವನು, ಹಾಕೋರು ಒಳಗೆ ಬಂದು ಸಾಲಲ್ಲಿ ನಿಂತ್ಕೊಳ್ಳಿ, ನಿಂತವರಿಗೆಲ್ಲ ಚೀಟಿ ಕೊಡ್ತಾರೆ ಅಂತ ಕೂಗಿ ಹೇಳಿದ. ಐದು ನಿಮಿಷ ಇತ್ತು. ಮೂರಡಿ ಇತ್ತು. ಇಬ್ಬರ ಕೈಯಲ್ಲೂ ಗುರುತಿನ ಚೀಟಿ ಇತ್ತು.

ಅತ್ತೆ ಏನೋ ಹೇಳಿದರು. ಅಪ್ಪ ತಲೆ ತಗ್ಗಿಸಿದರು. ಅತ್ತೆ ಮತ್ತೆ ಏನೋ ಹೇಳಿದರು. ಅಪ್ಪ ಕರ್ಚೀಫು ತೆಗೆದು ತಮ್ಮ ಕನ್ನಡಕ ಒರೆಸಿ, ಅತ್ತೆಯ ಕನ್ನಡಕವನ್ನೂ ಅವರ ಮೂಗಿನ ಮೇಲಿಂದ ತೆಗೆದು ಒರೆಸಿ ಮತ್ತೆ ಹಾಕಿದರು. ಆಮೇಲೆ ಮಾತಾಡಿದ್ದು ಅಪ್ಪ. ಹನ್ನೊಂದು ತಿಂಗಳ ಮಾತಲ್ಲವಾ, ಬೇಗ ಮುಗಿಯಲಿಲ್ಲ. ಪೊಲೀಸಿನವನು ಗಡಿಯಾರ ನೋಡಿ, ಇವರನ್ನು ನೋಡಿ, ಇನ್ನೊಂದು ಸಲ ಕರೆದ. ಇಬ್ಬರೂ ತಿರುಗಲಿಲ್ಲ. ಆರಕ್ಕೆ ಗೇಟು ಮುಚ್ಚಿತು.

ಅವರು ಹೇಳಿಕೊಂಡದ್ದು ಏನು? ರಸ್ತೆಯ ಈ ಬದಿಗೆ ಕೇಳಿಸಲಿಲ್ಲ. ಆಮೇಲೆ ಕೇಳಿದಾಗ ಅಪ್ಪ ಕೆಮ್ಮಿದರು. ಅತ್ತೆ, ಅದು ನಿನ್ನ ಕಥೆಗಲ್ಲ ಅಂದರು. ಆದ್ದರಿಂದ ಕರಡಿನಲ್ಲಿ ಇಲ್ಲಿ ಅರ್ಧ ಪುಟ ಖಾಲಿ ಬಿಟ್ಟಿದ್ದೆ.

(ಖಾಲಿ ಜಾಗದ ಕೆಳಗೆ ಅತ್ತೆ ಚುಕ್ಕಿ ಸಾಲು ಹಾಕಿದ್ದಾರೆ. ಕರಡು ತಿದ್ದುವವರ ಭಾಷೆಯಲ್ಲಿ ಅದಕ್ಕೆ, ಇದನ್ನು ಮುಟ್ಟಬೇಡ, ಹೀಗೇ ಇರಲಿ ಅಂತ ಅರ್ಥ.)

೮

ಈಗ ಒಂದು ಕೊನೆ ಬೇಕಲ್ಲ. ಕೆಲವು ತಂದಿದ್ದೇನೆ, ನೋಡಿ.

ಮೊದಲನೆಯದು: ಅಪ್ಪನ ಅಭ್ಯರ್ಥಿ ಒಂದೇ ಓಟಿನಿಂದ ಗೆದ್ದ. (ಕೆಂಪು ಪೆನ್ನು: ಸುಳ್ಳು.) ಸರಿ, ಸುಳ್ಳು. ಗೆದ್ದದ್ದು ಹೌದು, ಆದರೆ ನಾನೂರ ಹದಿನೇಳು ಓಟಿನಿಂದ. ಕಥೆಗೆ ಮೂರು ಕಾಸಿಗೂ ಬಾರದ ಸಂಖ್ಯೆ.

ಎರಡನೆಯದು: ಮರುದಿನ ಬೆಳಗ್ಗೆ ಅಪ್ಪ ಹೋಗಿ ಹಾಲಿನ ಬೀಗ ತೆಗೆದರು, ಎಂಟು ಮನೆಯ ಮಕ್ಕಳು ಓಡಿ ಒಳಗೆ ಬಂದರು. ಇದನ್ನು ಬರೆಯುವಾಗ ನನಗೇ ಕಣ್ಣು ತುಂಬಿ ಬಂತು. ಆದರೆ ನಡೆದದ್ದು ಬೇರೆ. ಹಾಲಿನ ವಿಷಯ ಮತ್ತೆ ಸಭೆಗೆ ಬರಲಿದೆ, ಅಪ್ಪ ಈ ಸಲವೂ ಬೇಡ ಅನ್ನುತ್ತೇನೆ ಅಂದಿದ್ದಾರೆ. ಅತ್ತೆ ಈ ಸಲವೂ ಎದ್ದು ನಿಲ್ಲುತ್ತೇನೆ, ಆದರೆ ಆ ಮಾತು ಆಡಲ್ಲ ಅಂದಿದ್ದಾರೆ. ಎಂಟು ಮನೆಯವರು ಇನ್ನೂ ತಗಡಿನ ಕೆಳಗೇ ಇದ್ದಾರೆ, ಗೆದ್ದವನು ಹೇಳಿದ ಮೂರು ತಿಂಗಳಲ್ಲಿ ಅರ್ಧ ಕಳೆದಿದೆ. ಹೋದ ವಾರ ಅಪ್ಪ ಟೆಸ್ಟರ್ ಹಿಡಿದು ಹಾಲಿನೊಳಗೆ ಸ್ವಿಚ್ಚುಗಳನ್ನು ಒಂದೊಂದಾಗಿ ಬಿಚ್ಚಿ ನೋಡುತ್ತಿದ್ದರು. ಯಾಕಪ್ಪಾ ಅಂತ ಕೇಳಿದೆ. ವೈರಿಂಗ್ ಹಾಳಾಗಿದೆ ಅಂದೋನು ನಾನೇ ತಾನೆ, ರಿಪೇರಿಗೆ ಯಾರನ್ನ ಕರೀಲಿ ಅಂದರು. ಅದಕ್ಕೆ ಏನರ್ಥ ಅಂತ ನನ್ನನ್ನು ಕೇಳಬೇಡಿ.

ಮೂರನೆಯದು ಒಂದು ಸಮಾಧಾನದ ಕೊನೆ: ಹೇಗಿದ್ದರೂ ಇಬ್ಬರ ಓಟು ಒಂದಕ್ಕೊಂದು ಹೊಡೆದು ಹೋಗುತ್ತಿತ್ತು, ಹಾಕದಿದ್ದರೆ ನಷ್ಟವೇನು?

(ಕೆಂಪು ಪೆನ್ನು: ಹೊಡೆದು ಹೋಗುತ್ತೆ ಅಂತ ನೀನು ಹೇಳಬೇಡ. ನಾನು ಆ ಎಂಟು ಮನೆಗೋಸ್ಕರ ದೇವರ ಮುಂದೆ ಒಂದು ಮಾತು ಹೇಳಬೇಕಿತ್ತು. ಅವನೂ ಅವನ ಮಾತು ಹೇಳಬೇಕಿತ್ತು. ಇಬ್ಬರದೂ ಬಾಯಲ್ಲೇ ಉಳೀತು.)

೫

ಹೌದು, ವಾಪಸ್ ಬಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವಳು ನಾನು.

ನನಗೆ ಐದು ನಲವತ್ತಕ್ಕೆ ಇಬ್ಬರೂ ಎಲ್ಲಿದ್ದಾರೆ ಅಂತ ಹೇಗೆ ಗೊತ್ತಾಯಿತು ಅಂತ ನೀವು ಕೇಳಲಿಲ್ಲ. ಅವರೂ ಕೇಳಲಿಲ್ಲ.

ಎರಡು ಹತ್ತಕ್ಕೆ ಅಪ್ಪ ಫೋನ್ ಮಾಡಿದ್ದರು. ಅಕ್ಕನ ಮನೆ ಬೀಗ ಹಾಕಿದೆ, ಎಲ್ಲಿಗೆ ಹೋಗಿದ್ದಾಳೆ ಅಂದರು. ನಾನು ಬರೆಯುತ್ತಾ ಕೂತಿದ್ದೆ. ಏನು ಬರೆಯುತ್ತಿದ್ದೆ ಗೊತ್ತಾ? ಇದೇ ಕಥೆ. ಓಟಿನ ದಿನ ರಾಜಿಯಾಗುವ ಅಕ್ಕ ತಮ್ಮನ ಕಥೆ. "ಅಲ್ಲೇ ಇರಿ, ಬರ್ತಾರೆ" ಅಂದೆ. ಅದು ಗೊತ್ತಿಲ್ಲದೆ ಅಂದದ್ದು, ಅದನ್ನು ಬಿಡಿ.

ಎರಡು ಇಪ್ಪತ್ತೈದಕ್ಕೆ ಅತ್ತೆ ಫೋನ್ ಮಾಡಿದರು. ಅಂಗಡಿ ಶಟರ್ ಇಳಿದಿದೆ, ನಿಮ್ಮಪ್ಪ ಎಲ್ಲಿ ಅಂದರು.

ಆಗ ನನಗೆ ಗೊತ್ತಿತ್ತು. ಒಂದು ವಾಕ್ಯ ಸಾಕಿತ್ತು. ಆದರೆ ನನಗೆ ನಗು ಬಂತು, ಆಮೇಲೆ ಒಂದು ಥರ ಖುಷಿಯೂ ಬಂತು. ಎಂಥ ದೃಶ್ಯ, ನಾನಾಗಿ ಕಟ್ಟಿದ್ದರೆ ಯಾರೂ ನಂಬುತ್ತಿರಲಿಲ್ಲ ಅನ್ನಿಸಿತು. ಇನ್ನೊಂದರ್ಧ ಗಂಟೆ ಹೀಗೇ ಇರಲಿ, ಏನಾಗುತ್ತೆ ನೋಡೋಣ ಅಂದುಕೊಂಡೆ. ಅತ್ತೆಗೂ ಅದನ್ನೇ ಹೇಳಿದೆ: "ಅಲ್ಲೇ ಇರಿ, ಬರ್ತಾರೆ."

ಆಮೇಲೆ ಬರೆಯಲು ಕೂತೆ. ಕಥೆ ಚೆನ್ನಾಗಿ ಓಡಿತು. ತಲೆ ಎತ್ತಿದಾಗ ಐದು ನಲವತ್ತು.

ಅವರಿಬ್ಬರೂ ನಾನು ಗಮನ ಕೊಡದೆ ಏನೋ ಹೇಳಿದೆ ಅಂತ ತಿಳಿದಿದ್ದಾರೆ. ಪಾಪ, ಬರೆಯೋ ಹುಡುಗಿ, ಅವಳಿಗೆ ಲೋಕದ ಪರಿವೆ ಇರಲ್ಲ ಅಂತ ಅತ್ತೆ ಅಪ್ಪನಿಗೆ ಹೇಳಿದರಂತೆ. ಅದಕ್ಕೇ ಆರು ವಾರದಿಂದ ನಾನು ಆ ಎರಡೂ ಮನೆಯ ಕಡೆ ತಲೆ ಹಾಕಿಲ್ಲ. ಫೋನಿನಲ್ಲಿ ಚೆನ್ನಾಗಿದ್ದೀನಿ ಅನ್ನುತ್ತೇನೆ. ಅವತ್ತು ಹಾಲಿನ ಹತ್ತಿರ ಅಪ್ಪ ಸಿಕ್ಕಿದ್ದೂ ಅಚಾನಕ್ಕಾಗಿ, ಎರಡು ಮಾತಾಡಿ ಓಡಿ ಬಂದೆ. ಅತ್ತೆ, ಅಪ್ಪ, ತಪ್ಪಾಯಿತು. ಹೊಟ್ಟೆಗೆ ಹಾಕಿಕೊಳ್ಳಿ.

೯

ಇಷ್ಟು ಬರೆದು, ಪ್ರಿಂಟ್ ತೆಗೆದು, ಒಂದು ಬೆಳಗ್ಗೆ ಅತ್ತೆ ಮಾರ್ಕೆಟ್ಟಿಗೆ ಹೋಗಿದ್ದಾಗ ಅವರ ಕಾಗದದ ಪೆಟ್ಟಿಗೆಗೆ ಹಾಕಿ ಬಂದೆ. ಮುಚ್ಚಳ ಈಗ ಸರಿಯಾಗಿ ಕೂರುತ್ತದೆ.

ನಾಲ್ಕು ದಿನ ಸುದ್ದಿಯಿಲ್ಲ. ಐದನೇ ದಿನ, ಅಂದರೆ ಇವತ್ತು, ಅಪ್ಪ ಬಂದರು. ಕೆಲಸದ ಚೀಲದಿಂದ ಕರಡು ತೆಗೆದು ಮೇಜಿನ ಮೇಲಿಟ್ಟು, ಗಿರಾಕಿ ಕಾಯ್ತಿದ್ದಾನೆ ಅಂತ ಬಾಗಿಲಲ್ಲೇ ತಿರುಗಿದರು. ಹೋಗುತ್ತಾ, ನಾನು ಸ್ಕ್ರೂ ಡ್ರೈವರ್ ಜೇಬಲ್ಲಿ ಇಟ್ಕೊಳ್ಳಲ್ಲ, ಜೇಬು ಹರಿಯುತ್ತೆ, ಚೀಲದಲ್ಲಿತ್ತು ಅಂದರು. ಕರಡು ಪೂರ್ತಿ ಓದಿದ್ದಾರೆ. ಕೊನೇ ಹಾಳೆಯವರೆಗೂ ಎಣ್ಣೆ ಬೆರಳಿನ ಗುರುತಿದೆ.

ಅವರು ಹೋದ ಮೇಲೆ ಪುಟ ತಿರುಗಿಸಿದೆ. ಎಲ್ಲಾ ಕಡೆ ಕೆಂಪು. ಐದನೇ ಭಾಗದ ಪಕ್ಕ ಮಾತ್ರ ಏನೂ ಇಲ್ಲ. ಮೂವತ್ತೆರಡು ವರ್ಷದ ಕೈ ಅಲ್ಲಿ ಒಂದು ಚುಕ್ಕಿಯನ್ನೂ ಇಟ್ಟಿಲ್ಲ. ಆ ಅಂಚನ್ನು ನೋಡಿ ನನಗೆ ಅಳು ಬಂತು, ಅದನ್ನು ಮುಚ್ಚಿಡುವುದು ಯಾಕೆ.

ಕೊನೇ ಹಾಳೆಯ ಹಿಂಬದಿಯಲ್ಲಿ ಬರೆದಿದ್ದರು: "ಕಥೆ ಪರವಾಗಿಲ್ಲ. ಆದರೆ ನೀನು ನಿಮ್ಮ ತಾತನ ನಿಯಮ ಬರೆದಿದ್ದೀಯೇ ಹೊರತು ಓದಿಲ್ಲ. ಕ್ಷಮೆ ಪೆಟ್ಟಿಗೇಲಿ ಹಾಕಿ ಓಡಿಹೋಗೋದಲ್ಲ."

ಓದುಗರೇ, ನೀವು ಇಲ್ಲಿ ಒಂದು ಕೊನೆಗಾಗಿ ಕಾದಿದ್ದೀರಿ. ಅದು ನನ್ನ ಹತ್ತಿರ ಇಲ್ಲ. ಅದು ಅರ್ಧ ಗಂಟೆ ದೂರದಲ್ಲಿದೆ, ಬಾಗಿಲು ತೆರೆದ ಮೇಲೆ ಅವರ ಮುಖ ಹೇಗಿರುತ್ತದೆ ಅನ್ನುವುದರಲ್ಲಿದೆ, ಮತ್ತು ಅದನ್ನು ನಾನು ಬರೆಯುವುದಿಲ್ಲ. ಬರೆಯುವ ಆಸೆಗೇ ಒಂದು ಸಲ ನಾಲ್ಕು ಗಂಟೆಯ ತನಕ ಅತ್ತೆಯನ್ನು ನಿಲ್ಲಿಸಿದ್ದೆ.

ಪೆನ್ನು ಕೆಳಗಿಟ್ಟು ಅತ್ತೆಗೆ ಫೋನ್ ಮಾಡಿದೆ. ಅಪ್ಪನೂ ಅಲ್ಲೇ ಇದ್ದಾರೆ ಅಂದರು. ಗಿರಾಕಿ ಕಾಯುತ್ತಿದ್ದಾನೆ ಅಂದದ್ದು ಸುಳ್ಳು.

"ಅಲ್ಲೇ ಇರಿ, ಬರ್ತೀನಿ" ಅಂದೆ.



"ನಾವು ಇರ್ತೀವಿ ಕಣೆ" ಅಂದರು ಅತ್ತೆ. "ನೀನು ಹೊರಡು."